ವೆಲ್ಡಿಂಗ್ ಹೊಡೆದ ಆಕ್ಸಲ್ ಮೇಲೆ ನಮ್ಮವರನ್ನು ಹತ್ತಿಸಬೇಡಿ

ಊರಿನ ಹೆಸರು ಬೇಡ. ಹೆಸರು ಬರೆದರೆ ಪಕ್ಕದ ಊರಿನವರು "ನಮ್ಮಲ್ಲಿ ಹಾಗಿಲ್ಲಪ್ಪ" ಅಂದು ಮುಂದೆ ಹೋಗುತ್ತಾರೆ. ಮಲೆನಾಡಿನ ಒಂದು ಜೀಪ್ ಸ್ಟ್ಯಾಂಡ್ ಅಂದುಕೊಳ್ಳಿ. ಮಳೆಗಾಲ ಶುರುವಾಗಿ ಒಂದು ವಾರ ಆಗಿತ್ತು. ಜೀಪಿನಲ್ಲಿ ಡ್ರೈವರ್ ಅಣ್ಣನನ್ನೂ ಸೇರಿಸಿ ಹನ್ನೊಂದು ಜನ. ತೋಟದ ಕೆಲಸ ಮುಗಿಸಿ ಮನೆಗೆ ಹೊರಟ ಹೆಂಗಸರು, ಕಾಲೇಜಿನಿಂದ ಬಂದ ಇಬ್ಬರು ಹುಡುಗರು, ಹಿಂದೆ ಕ್ಲೀನರ್, ನಡುವೆ ಇಕ್ಕಟ್ಟಾಗಿ ನಾವು ಮೂವರು.

ಎರಡನೇ ತಿರುವಿನ ಏರಿನಲ್ಲಿ 'ಟಪ್' ಎಂದಿತು. ಕಲ್ಲು ಸಿಡಿದಿರಬೇಕು ಅಂದುಕೊಂಡೆವು. ಇಂಜಿನ್ ಕೂಗುತ್ತಿದೆ, ಗಾಡಿ ಮುಂದೆ ಹೋಗುತ್ತಿಲ್ಲ. ನೋಡನೋಡುತ್ತಿದ್ದಂತೆ ಹಿಂದಕ್ಕೆ ಜಾರತೊಡಗಿತು. ಅಣ್ಣ ಹ್ಯಾಂಡ್‌ಬ್ರೇಕ್ ಎಳೆದರು, ಹಿಡಿಯಲಿಲ್ಲ. ಕಾಲಿನ ಬ್ರೇಕ್ ಒತ್ತಿದರು, ಅರ್ಧ ಹಿಡಿಯಿತು. ಕ್ಲೀನರ್ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ನಾವು ಇಳಿದು ನೋಡಿದರೆ ಎಡಗಡೆಯ ಹಿಂದಿನ ಚಕ್ರ, ಡ್ರಮ್ಮು, ಒಂದು ಗೇಣು ಉದ್ದದ ಶಾಫ್ಟಿನ ತುಂಡು ಸಮೇತ ಹೊರಗೆ ಬಂದು ಧರೆಗೆ ಒರಗಿ ನಿಂತಿತ್ತು. ಎಡಗಡೆ ಧರೆ ಇತ್ತು. ಬಲಗಡೆ ಕಣಿವೆ. ಬಲಗಡೆಯ ಚಕ್ರ ಕಳಚಿದ್ದರೆ ಇದನ್ನು ಬರೆಯಲು ನಾವು ಇರುತ್ತಿರಲಿಲ್ಲ.

ಅಣ್ಣ ತಲೆ ಮೇಲೆ ಕೈ ಹೊತ್ತು ಕೂತರು. "ಎರಡು ತಿಂಗಳ ಹಿಂದೆ ಅಷ್ಟೇ ವೆಲ್ಡ್ ಹೊಡೆಸಿದ್ದೆ ಮಾರಾಯ್ರೆ" ಅಂದರು.

ಈ ಲೇಖನ ಆ ಒಂದು ಮಾತಿನ ವಿರುದ್ಧ. ಅಣ್ಣನ ವಿರುದ್ಧ ಅಲ್ಲ.

ನಮ್ಮ ಮಾತು ಇಷ್ಟೇ: ಬಿರುಕು ಬಿಟ್ಟ, ಮುರಿದ ಆಕ್ಸಲ್ ಶಾಫ್ಟಿಗೆ ವೆಲ್ಡಿಂಗ್ ಅನ್ನುವುದು ರಿಪೇರಿ ಅಲ್ಲ. ಅದು ಸಾವನ್ನು ಎರಡು ತಿಂಗಳು ಮುಂದೂಡುವ ಕೆಲಸ. ಆ ಎರಡು ತಿಂಗಳಲ್ಲಿ ಆ ಗಾಡಿಯಲ್ಲಿ ಕೂರುವವರು ನಮ್ಮ ಅಮ್ಮಂದಿರು, ನಮ್ಮ ತಂಗಿಯರು, ನಾಲ್ಕು ಫೋಟೊ ತೆಗೆಯಲು ಬಂದ ಪ್ರವಾಸಿಗರು. ಶಾಫ್ಟ್ ಬದಲಿಸಲು ಬೇಕಾದ ದುಡ್ಡು ಬಾಡಿಗೆಯಲ್ಲೇ ಹುಟ್ಟಬೇಕು. ಅದನ್ನು ಡ್ರೈವರ್ ಒಬ್ಬನ ತಲೆಗೆ ಕಟ್ಟಿ ಉಳಿದವರೆಲ್ಲ ಕೈ ತೊಳೆದುಕೊಳ್ಳುವುದು ನಿಲ್ಲಬೇಕು.

ಅಜ್ಜನಿಗೆ ಗೊತ್ತಿದ್ದದ್ದು ನಮಗೆ ಮರೆತಿದೆ

ನಮ್ಮ ಅಜ್ಜಂದಿರು ಗಾಡಿ ಕಟ್ಟುವ ಮೊದಲು ಎತ್ತಿನ ಮೈ ಸವರುತ್ತಿದ್ದರು, ಆಮೇಲೆ ಬಗ್ಗಿ ಇರುಸು ನೋಡುತ್ತಿದ್ದರು. ಕೀಲೆಣ್ಣೆ ಇದೆಯೋ, ಕಡಾಣಿ ಗಟ್ಟಿ ಇದೆಯೋ ನೋಡಿಯೇ ನೊಗ ಎತ್ತುತ್ತಿದ್ದರು. ಇರುಸು ಸೀಳಿದ್ದರೆ ಹಗ್ಗ ಸುತ್ತಿ ಸಂತೆಗೆ ಹೊರಡುತ್ತಿರಲಿಲ್ಲ. ಬಡಗಿಯ ಮನೆಗೆ ಹೋಗುತ್ತಿದ್ದರು. ಅವರ ಗಾಡಿಯ ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್. ನಾವು ಅದರ ಎಷ್ಟೋ ಪಟ್ಟು ವೇಗದಲ್ಲಿ, ಹತ್ತು ಜನರನ್ನು ತುಂಬಿಕೊಂಡು, ಮಳೆಯಲ್ಲಿ, ಘಾಟಿಯಲ್ಲಿ ಹೋಗುತ್ತೇವೆ. ಬಗ್ಗಿ ನೋಡುವುದಿಲ್ಲ.

ಎತ್ತಿನ ಗಾಡಿಯ ಇರುಸಿಗೆ ಒಂದೇ ಕೆಲಸ, ಭಾರ ಹೊರುವುದು. ಎಳೆಯುವುದು ಎತ್ತು. ಜೀಪಿನ ಹಿಂದಿನ ಆಕ್ಸಲ್ಲಿಗೆ ಎರಡು ಕೆಲಸ. ಭಾರವನ್ನೂ ಹೊರಬೇಕು, ಚಕ್ರವನ್ನೂ ತಿರುಗಿಸಬೇಕು. ಈ ಎರಡು ಕೆಲಸವನ್ನು ಯಾರು ಮಾಡುತ್ತಾರೆ ಅನ್ನುವುದರ ಮೇಲೆ ಆಕ್ಸಲ್ಲಿನಲ್ಲಿ ಎರಡು ಜಾತಿ ಇದೆ.

ಲಾರಿಯನ್ನು ಟೋ ಮಾಡುವಾಗ ನೋಡಿದ್ದೀರಾ? ಮೆಕ್ಯಾನಿಕ್ ಹಬ್ಬಿನ ಸುತ್ತ ಇರುವ ಬೋಲ್ಟು ಬಿಚ್ಚಿ, ಒಳಗಿನಿಂದ ಉದ್ದನೆಯ ಶಾಫ್ಟನ್ನು ಕತ್ತಿಯ ಹಾಗೆ ಹೊರಗೆ ಎಳೆಯುತ್ತಾನೆ. ಶಾಫ್ಟ್ ಹೊರಗೆ ಬಂದರೂ ಚಕ್ರ ತನ್ನ ಜಾಗದಲ್ಲೇ ನಿಂತಿರುತ್ತದೆ. ಇದು ಫುಲ್ ಫ್ಲೋಟಿಂಗ್. ಭಾರ ಹೊರುವುದು ಹೌಸಿಂಗ್ ಮತ್ತು ಹಬ್. ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಶಾಫ್ಟ್ ಮುರಿದರೆ ಗಾಡಿ ನಿಲ್ಲುತ್ತದೆ, ಚಕ್ರ ಕಳಚುವುದಿಲ್ಲ.

ನಮ್ಮ ಹೆಚ್ಚಿನ ಜೀಪು, ಪಿಕಪ್ಪುಗಳದ್ದು ಸೆಮಿ ಫ್ಲೋಟಿಂಗ್. ಚಕ್ರ ಕೂತಿರುವುದೇ ಶಾಫ್ಟಿನ ತುದಿಯ ಮೇಲೆ. ಭಾರ ಹೊರುವುದೂ ಅದೇ, ತಿರುಗಿಸುವುದೂ ಅದೇ. ಅದು ಹೊರತುದಿಯ ಹತ್ತಿರ ಮುರಿದರೆ ಚಕ್ರವನ್ನು ಹಿಡಿದಿಡಲು ಬೇರೆ ಏನೂ ಇಲ್ಲ.

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಹಿಂದೆ ಫುಲ್ ಫ್ಲೋಟಿಂಗ್ ಆಕ್ಸಲ್ ಇತ್ತು. ಯುದ್ಧ ಮುಗಿದು ಜೀಪು ರೈತರ, ವ್ಯಾಪಾರಿಗಳ ಕೈಗೆ ಬಂದ ಮೇಲೆ ಸೆಮಿ ಫ್ಲೋಟಿಂಗ್ ಬಂತು. ಸೆಮಿ ಫ್ಲೋಟಿಂಗ್ ಕೆಟ್ಟದ್ದೇನಲ್ಲ. ಹೇಳಿದ ಭಾರ, ಹೇಳಿದ ಟೈರು, ಹೊತ್ತಿಗೆ ಸರಿಯಾಗಿ ಬೇರಿಂಗು ಇದ್ದರೆ ವರ್ಷಾನುಗಟ್ಟಲೆ ದುಡಿಯುತ್ತದೆ. ಆದರೆ ಅದು ತಪ್ಪನ್ನು ಕ್ಷಮಿಸುವುದಿಲ್ಲ.

ಹ್ಯಾಂಡ್‌ಬ್ರೇಕ್ ಯಾಕೆ ಹಿಡಿಯಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇವೆ. ಹಲವು ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರದ ಮೇಲೆ ಇಲ್ಲ, ಪ್ರೊಪೆಲ್ಲರ್ ಶಾಫ್ಟಿನ ಮೇಲಿದೆ. ಒಂದು ಕಡೆಯ ಆಕ್ಸಲ್ ಶಾಫ್ಟ್ ಮುರಿದರೆ ಡಿಫರೆನ್ಶಿಯಲ್ ಒಳಗೆ ಆ ಕಡೆ ಸುಮ್ಮನೆ ತಿರುಗುತ್ತದೆ. ಪ್ರೊಪೆಲ್ಲರ್ ಶಾಫ್ಟನ್ನು ಎಷ್ಟೇ ಬಿಗಿಯಾಗಿ ಹಿಡಿದರೂ ಇನ್ನೊಂದು ಚಕ್ರ ಉರುಳುತ್ತಲೇ ಇರುತ್ತದೆ. ಗೇರಿನಲ್ಲಿ ನಿಲ್ಲಿಸಿದರೂ ಅದೇ ಕತೆ. ಫೋರ್ ವೀಲ್ ಹಾಕಿದ್ದರೆ ಮುಂದಿನ ಚಕ್ರ ಹಿಡಿಯುತ್ತಿತ್ತು. ಜೊತೆಗೆ ಡ್ರಮ್ ಕಳಚಿದ ಕಡೆ ಬ್ರೇಕ್ ಸಿಲಿಂಡರಿನ ಪಿಸ್ಟನ್ ಹೊರಗೆ ಬಂದು ಆಯಿಲ್ ಚೆಲ್ಲಿದರೆ ಕಾಲಿನ ಬ್ರೇಕೂ ಹೋಗುತ್ತದೆ. ಒಂದು ಶಾಫ್ಟ್ ಮುರಿದರೆ ಹೋಗುವುದು ಒಂದು ಚಕ್ರ ಮಾತ್ರ ಅಲ್ಲ, ನಿಲ್ಲಿಸುವ ದಾರಿಗಳೂ ಒಂದೊಂದಾಗಿ ಹೋಗುತ್ತವೆ.

ವೆಲ್ಡ್ ಯಾಕೆ ನಿಲ್ಲುವುದಿಲ್ಲ

"ವೆಲ್ಡ್ ಹೊಡೆದ ಜಾಗ ಮೊದಲಿಗಿಂತ ಗಟ್ಟಿ" ಅನ್ನುವ ಮಾತನ್ನು ಕೇಳದ ಗ್ಯಾರೇಜಿಲ್ಲ. ಗೇಟಿಗೆ, ನೇಗಿಲಿಗೆ, ಟ್ರೇಲರಿಗೆ ಅದು ನಡೆಯಬಹುದು. ಆಕ್ಸಲ್ ಶಾಫ್ಟಿಗೆ ನಡೆಯುವುದಿಲ್ಲ.

ಶಾಫ್ಟ್ ಬರೀ ಕಬ್ಬಿಣದ ಸರಳಲ್ಲ. ಒಳ್ಳೆಯ ಉಕ್ಕನ್ನು ಕಾಯಿಸಿ, ಬಡಿದು ಆಕಾರ ಕೊಟ್ಟು, ಮತ್ತೆ ಲೆಕ್ಕ ಹಿಡಿದು ಕಾಯಿಸಿ ತಣಿಸಿ ಹದ ಮಾಡಿರುತ್ತಾರೆ. ಹೊರಮೈ ಗಡುಸು, ಒಳಮೈ ಬಾಗಿ ತಡೆಯುವಂಥದ್ದು. ಕತ್ತಿಗೆ ಕಮ್ಮಾರ ಹದ ಕೊಡುವ ಹಾಗೆ. ಹದ ಕೊಟ್ಟ ಕತ್ತಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಬಿಟ್ಟರೆ ಆಮೇಲೆ ಅದರಲ್ಲಿ ಅಡಿಕೆ ಗೊನೆ ಕೊಯ್ಯಲು ಆಗುತ್ತದೆಯೇ? ವೆಲ್ಡಿಂಗ್ ಮಾಡುವುದೂ ಅದನ್ನೇ. ವೆಲ್ಡಿನ ಪಕ್ಕದ ಜಾಗ ಒಂದು ಕಡೆ ಮೆತ್ತಗಾಗುತ್ತದೆ, ಇನ್ನೊಂದು ಕಡೆ ಗಾಜಿನ ಹಾಗೆ ಪೆಡಸಾಗುತ್ತದೆ. ಹೊಸ ಬಿರುಕು ಹುಟ್ಟುವುದು ವೆಲ್ಡಿನ ಮೇಲೆ ಅಲ್ಲ, ಅದರ ಅಂಚಿನಲ್ಲಿ.

ಮುರಿದ ಶಾಫ್ಟ್ ಕೈಗೆ ಸಿಕ್ಕಿದರೆ ಅದರ ಮುಖ ನೋಡಿ. ಒಂದು ಭಾಗ ಕಪ್ಪಾಗಿ, ಸವೆದು ನುಣುಪಾಗಿ, ಸಮುದ್ರದ ದಂಡೆಯಲ್ಲಿ ಅಲೆ ಬಿಟ್ಟ ಗೆರೆಗಳ ಹಾಗೆ ಕಾಣುತ್ತದೆ. ಇನ್ನೊಂದು ಭಾಗ ಹೊಸದಾಗಿ ಒಡೆದ ಹಾಗೆ, ಹರಳು ಹರಳಾಗಿ ಹೊಳೆಯುತ್ತದೆ. ಕಪ್ಪು ಭಾಗ ಹಳೆಯ ಬಿರುಕು. ಹೊಳೆಯುವ ಭಾಗ ಇವತ್ತು ಒಡೆದದ್ದು. ಕಪ್ಪು ಭಾಗ ಎಷ್ಟು ದೊಡ್ಡದಿದೆಯೋ ಅಷ್ಟು ಕಾಲ ಆ ಶಾಫ್ಟ್ ಒಳಗೊಳಗೇ ಸಾಯುತ್ತಿತ್ತು ಎಂದರ್ಥ. ನಾವು ಕೂತಿದ್ದ ಜೀಪಿನ ತುಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪಿತ್ತು.

ಈ ಬಿರುಕು ಎಲ್ಲಿ ಹುಟ್ಟುತ್ತದೆ ಅನ್ನುವುದೂ ಗುಟ್ಟೇನಲ್ಲ. ಹಳೆಯ ಜೀಪಿನಲ್ಲಿ ಶಾಫ್ಟಿನ ಹೊರತುದಿ ಕೊಳವೆಯ ಮೂತಿಯ ಹಾಗೆ ಸಪೂರವಾಗುತ್ತಾ ಬರುತ್ತದೆ. ಅದರ ಮೇಲೆ ಹಬ್ ಕೂರಿಸಿ, ನಡುವೆ ಒಂದು ಕೀ ಇಟ್ಟು, ದೊಡ್ಡ ನಟ್ಟು ಬಿಗಿದು, ಸ್ಪ್ಲಿಟ್ ಪಿನ್ ಹಾಕುತ್ತಾರೆ. ಕೀ ಕೂರಲು ಶಾಫ್ಟಿನಲ್ಲಿ ಕೊರೆದ ಗಾಡಿಯ ಮೂಲೆಯಲ್ಲೇ ಬಿರುಕು ಶುರು. ನಟ್ಟು ಸ್ವಲ್ಪ ಸಡಿಲವಾದರೂ ಹಬ್ ಶಾಫ್ಟಿನ ಮೇಲೆ ಅಲ್ಲಾಡುತ್ತದೆ, ಕೀ ತಿನ್ನುತ್ತದೆ, ಬಿರುಕು ಬೆಳೆಯುತ್ತದೆ. ಬೇರಿಂಗ್ ಕೂರುವ ಜಾಗ, ಒಳತುದಿಯ ಹಲ್ಲುಗಳು ಮುಗಿಯುವ ಜಾಗ, ಇವೂ ಹಾಗೆಯೇ.

ಇನ್ನೊಂದು ಅಡ್ಡದಾರಿ ಇದೆ. ಲೇತ್ ಅಂಗಡಿಗೆ ಹೋಗಿ ಸಿಕ್ಕಿದ ಸರಳಿನಲ್ಲಿ ಹೊಸ ಶಾಫ್ಟ್ ಕಡೆಸುವುದು. ಅಳತೆ ಸರಿ ಇರುತ್ತದೆ, ನೋಡಲು ಮಿಂಚುತ್ತದೆ. ಹದ ಇರುವುದಿಲ್ಲ. ಕಡೆಸಲೇಬೇಕಾದ ಪರಿಸ್ಥಿತಿ ಇದ್ದರೆ ಯಾವ ಉಕ್ಕು ಎಂದು ಕೇಳಿ. ಇಎನ್ 8 ಒಂದು, ಇಎನ್ 24 ಇನ್ನೊಂದು. ಕಡೆದ ಮೇಲೆ ಹೀಟ್ ಟ್ರೀಟ್‌ಮೆಂಟ್ ಎಲ್ಲಿ ಮಾಡಿಸುತ್ತೀರಿ ಎಂದು ಕೇಳಿ. ಉತ್ತರ ಬರದಿದ್ದರೆ ದುಡ್ಡು ಕೊಡಬೇಡಿ.

ಹೌಸಿಂಗಿನ ಮಾತು ಬೇರೆ. ಹೊರಗಿನ ಹೌಸಿಂಗ್ ಸೀಳಿದರೆ, ಅದು ಬಾಗಿಲ್ಲ ಎಂದು ಅಳೆದು ನೋಡಿ, ತಿಳಿದವರು ವೆಲ್ಡ್ ಮಾಡಬಹುದು. ಅಳೆಯದೆ ಮಾಡಿದರೆ ಬಾಗಿದ ಹೌಸಿಂಗಿನೊಳಗೆ ಹೊಸ ಶಾಫ್ಟ್ ಹಾಕಿ ಮತ್ತೆ ಮುರಿಸಿಕೊಂಡ ಹಾಗಾಗುತ್ತದೆ.

ಜುಟ್ಟಿಗೆ ಮಲ್ಲಿಗೆ ಹೂವು

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಈಗ ನಮ್ಮ ಘಾಟಿ ರಸ್ತೆಗಳಲ್ಲಿ ಅದು ಕಣ್ಣಿಗೆ ರಾಚುತ್ತದೆ. ದೊಡ್ಡ ಟೈರು, ಎತ್ತರ ಮಾಡಿದ ಸ್ಪ್ರಿಂಗು, ಚಕ್ರ ಹೊರಗೆ ಚಾಚಲು ಸ್ಪೇಸರ್, ತಲೆ ಮೇಲೆ ಲೈಟಿನ ಸಾಲು. ಕೆಳಗೆ ಮೂವತ್ತು ವರ್ಷ ಹಳೆಯ ಶಾಫ್ಟು.

ದುಂಡು ಸಂಖ್ಯೆಯಲ್ಲಿ ಒಂದು ಲೆಕ್ಕ ಹಾಕೋಣ. ಇಂಜಿನ್ ತಿರುಚುವ ಬಲ 150 ನ್ಯೂಟನ್ ಮೀಟರ್ ಅಂದುಕೊಳ್ಳಿ. ಫಸ್ಟ್ ಗೇರು ಅದನ್ನು 4 ಪಟ್ಟು ಮಾಡುತ್ತದೆ. ಲೋ ಗೇರು ಅದನ್ನು ಎರಡೂವರೆ ಪಟ್ಟು ಮಾಡುತ್ತದೆ. ಕ್ರೌನ್ ಪಿನಿಯನ್ 5 ಪಟ್ಟು. ಒಟ್ಟು 50 ಪಟ್ಟು, ಅಂದರೆ 7,500 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಪಾನಾದ ತುದಿಗೆ ಸುಮಾರು 750 ಕೆಜಿ ತೂಗುಹಾಕಿದಷ್ಟು. ನಾಲ್ಕು ಚಕ್ರಕ್ಕೂ ಹಂಚಿ ಹೋದರೆ ತಡೆಯುತ್ತದೆ. ಮುಂದಿನ ಚಕ್ರಕ್ಕೆ ಹಿಡಿತ ಇಲ್ಲದಾಗ ಹಿಂದಿನ ಎರಡು ಶಾಫ್ಟುಗಳೇ ಹೊರಬೇಕು. ಕೆಸರಿನಲ್ಲಿ ಗಿರ್ರನೆ ತಿರುಗುತ್ತಿದ್ದ ಚಕ್ರಕ್ಕೆ ಥಟ್ಟನೆ ಬಂಡೆ ಸಿಕ್ಕಿದರೆ ಆ ಪೆಟ್ಟು ಲೆಕ್ಕಕ್ಕೂ ಸಿಗುವುದಿಲ್ಲ.

ಚಕ್ರ ಜಾರುವುದು ಒಂದು ರೀತಿಯಲ್ಲಿ ಶಾಫ್ಟನ್ನು ಕಾಪಾಡುತ್ತದೆ. ಬಲ ಹೆಚ್ಚಾದಾಗ ಟೈರು ಜಾರುತ್ತದೆ, ಶಾಫ್ಟು ಉಳಿಯುತ್ತದೆ. 28 ಇಂಚಿನ ಟೈರು ತೆಗೆದು 33 ಇಂಚಿನದು ಹಾಕಿದರೆ, ಅದೇ ಭಾರ ಅದೇ ಹಿಡಿತಕ್ಕೆ, ಟೈರು ಜಾರುವ ಮೊದಲು ಶಾಫ್ಟಿನ ಮೇಲೆ ಬೀಳುವ ತಿರುಚು ಸುಮಾರು 18 ಶೇಕಡಾ ಹೆಚ್ಚು. ಕೆಸರಿಗೆಂದೇ ಮಾಡಿದ ದಪ್ಪ ಹಲ್ಲಿನ ಟೈರಾದರೆ ಹಿಡಿತವೂ ಹೆಚ್ಚು. ಅದರ ಮೇಲೆ ಹತ್ತು ಜನ ಕೂತರೆ ಭಾರವೂ ಹೆಚ್ಚು. ಸ್ಪೇಸರ್ ಹಾಕಿ ಚಕ್ರವನ್ನು ಹೊರಗೆ ಚಾಚಿದರೆ ಬೇರಿಂಗ್ ಮೇಲೆ, ಶಾಫ್ಟಿನ ತುದಿಯ ಮೇಲೆ ಬಾಗಿಸುವ ಬಲವೂ ಹೆಚ್ಚು. ಇಷ್ಟೆಲ್ಲ ಹೆಚ್ಚಿಸಿ, ಹೊರುವವನನ್ನು ಮಾತ್ರ ಹಳಬನನ್ನೇ ಇಟ್ಟರೆ ಅವನು ಏನು ಮಾಡಬೇಕು?

ಕೆಲವರು ಡೀಸೆಲ್ ಉಳಿಸಲು ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಮನೆಯಲ್ಲಿ ಇಡುತ್ತಾರೆ. ನಾಲ್ಕು ಜನ ಹೊರಬೇಕಾದ ಮೂಟೆಯನ್ನು ಇಬ್ಬರ ಹೆಗಲಿಗೆ ಹಾಕಿದ ಹಾಗೆ. ಇನ್ನು ಕೆಲವರು ಡಿಫರೆನ್ಶಿಯಲ್ಲಿನ ಒಳಗಿನ ಚಿಕ್ಕ ಗೇರುಗಳನ್ನೇ ವೆಲ್ಡ್ ಮಾಡಿಸಿ "ಲಾಕರ್ ಹಾಕಿದೆ" ಅನ್ನುತ್ತಾರೆ. ಕೆಸರಿನ ಸ್ಪರ್ಧೆಯ ಮೈದಾನದಲ್ಲಿ ಅದು ಅವರವರ ಇಷ್ಟ. ಟಾರು ರಸ್ತೆಯ ಪ್ರತಿ ತಿರುವಿನಲ್ಲೂ ಒಳಚಕ್ರ ಹೊರಚಕ್ರ ಒಂದನ್ನೊಂದು ಎಳೆದಾಡುತ್ತವೆ. ಆ ಎಳೆದಾಟ ಇಳಿಯುವುದು ಶಾಫ್ಟಿನ ಮೇಲೆ. ಒಣ ಟಾರಿನಲ್ಲಿ ಫೋರ್ ವೀಲ್ ಹಾಕಿಕೊಂಡೇ ಓಡಿಸುವ ಚಟಕ್ಕೂ ಇದೇ ಮಾತು.

ಅವರ ಮೂರು ಮಾತು, ನಮ್ಮ ಉತ್ತರ

ಸ್ಟ್ಯಾಂಡಿನಲ್ಲಿ ಈ ಮಾತು ಎತ್ತಿದಾಗ ಮೂರು ಉತ್ತರ ಬಂದವು.

ಮೊದಲನೆಯದು: "ಇಷ್ಟು ವರ್ಷ ಏನೂ ಆಗಿಲ್ಲ." ಲೋಹ ದಣಿಯುವುದು ಹೀಗೆಯೇ. ಏನೂ ಆಗಿಲ್ಲ, ಏನೂ ಆಗಿಲ್ಲ ಅನ್ನುತ್ತಲೇ ಬಿರುಕು ದಿನಕ್ಕೆ ಕೂದಲಿನಷ್ಟು ಬೆಳೆಯುತ್ತದೆ. ಒಂದು ದಿನ ಉಳಿದ ಜಾಗ ಸಾಲುವುದಿಲ್ಲ. ಕೋಟೆ ಸೂರೆ ಹೋದ ಮೇಲೆ ಊರ ಬಾಗಿಲು ಹಾಕಿ ಏನು ಪ್ರಯೋಜನ?

ಎರಡನೆಯದು: "ಹಳೆ ಗಾಡಿಗೆ ಸ್ಪೇರ್ ಸಿಗಲ್ಲ." ಒಬ್ಬನೇ ಹುಡುಕಿದರೆ ಕಷ್ಟ, ನಿಜ. ಒಂದೇ ಸ್ಟ್ಯಾಂಡಿನಲ್ಲಿ ಒಂದೇ ಮಾದರಿಯ ಹತ್ತಾರು ಗಾಡಿ ಇರುವಾಗ ಎಡಕ್ಕೊಂದು ಬಲಕ್ಕೊಂದು ಶಾಫ್ಟು, ಎರಡು ಜೊತೆ ಬೇರಿಂಗು, ನಾಲ್ಕು ಆಯಿಲ್ ಸೀಲು ಸೇರಿ ತಂದಿಡುವುದು ಅಷ್ಟು ಕಷ್ಟವೇ? ಗಣಪತಿ ಕೂರಿಸಲು ವಂತಿಗೆ ಎತ್ತುವ ಸಂಘಕ್ಕೆ ಇದು ಆಗುವುದಿಲ್ಲವೇ?

ಮೂರನೆಯದು: "ದುಡ್ಡು ಎಲ್ಲಿದೆ?" ಈ ಮಾತಿಗೆ ನಾವು ತಲೆ ಬಾಗುತ್ತೇವೆ. ಆದರೆ ಪ್ರಶ್ನೆಯನ್ನು ಡ್ರೈವರ್ ಅಣ್ಣನಿಗೆ ಕೇಳುವುದಿಲ್ಲ, ಅವರ ಬೆನ್ನ ಹಿಂದೆ ನಿಂತವರಿಗೆ ಕೇಳುತ್ತೇವೆ.

ಕೊಡಚಾದ್ರಿ 1,343 ಮೀಟರ್ ಎತ್ತರ. ಅಲ್ಲಿಗೆ, ಕೊಡಗಿನ ಮಾಂದಲಪಟ್ಟಿಗೆ, ಕೆಮ್ಮಣ್ಣುಗುಂಡಿ ಕಡೆಯ ಹೆಬ್ಬೆ ಜಲಪಾತಕ್ಕೆ ಜನ ಹೋಗುವುದು ಜೀಪಿನಲ್ಲೇ. ಆ ಹೆಸರಿನ ಮೇಲೆ ರೂಮು ಮಾರುವವರು ಹೋಂಸ್ಟೇಯವರು, ರೆಸಾರ್ಟಿನವರು. ರೂಮಿಗೆ ಸಾವಿರಗಟ್ಟಲೆ ತೆಗೆದುಕೊಂಡು, ಜೀಪಿನವನ ಹತ್ತಿರ ನೂರು ರೂಪಾಯಿಗೆ ಚೌಕಾಸಿ ಮಾಡುತ್ತೀರಲ್ಲ, ಆ ನೂರು ರೂಪಾಯಿ ಎಲ್ಲಿಂದ ಕಡಿಮೆಯಾಗುತ್ತದೆ ಗೊತ್ತೇ? ಡೀಸೆಲ್ಲಿನಿಂದ ಕಡಿಮೆ ಆಗುವುದಿಲ್ಲ, ಬಂಕಿನವನು ಬಿಡುವುದಿಲ್ಲ. ಸಾಲದ ಕಂತಿನಿಂದ ಆಗುವುದಿಲ್ಲ, ಫೈನಾನ್ಸಿನವನು ಬಿಡುವುದಿಲ್ಲ. ಕಡಿಮೆಯಾಗುವುದು ಬೇರಿಂಗಿನಿಂದ, ಆಯಿಲ್‌ನಿಂದ, ಶಾಫ್ಟಿನಿಂದ. ಅವು ಬಾಯಿ ಬಿಟ್ಟು ಕೇಳುವುದಿಲ್ಲವಲ್ಲ.

ತೋಟದ ಮಾಲೀಕರೇ, ನಿಮ್ಮ ಕಾಫಿ ಮೂಟೆ ಹೊರುವ ಗಾಡಿಯಲ್ಲೇ ಸಂಜೆ ಹೆಂಗಸರನ್ನು ತುಂಬಿ ಕಳಿಸುತ್ತೀರಿ. ಮೂಟೆ ಬಿದ್ದರೆ ಎಷ್ಟು ನಷ್ಟ ಎಂದು ನಿಮಗೆ ಗೊತ್ತು.

ಸಾರಿಗೆ ಇಲಾಖೆಯ ಅಧಿಕಾರಿಗಳೇ, ಹಳದಿ ಬೋರ್ಡಿನ ಹಳೆಯ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ. ಬಿಳಿ ಬೋರ್ಡಿನ ಗಾಡಿಗೆ 15 ವರ್ಷ ಆದ ಮೇಲೆ ಮರುನೋಂದಣಿ, ಅದು 5 ವರ್ಷಕ್ಕೆ. ಬಿಳಿ ಬೋರ್ಡಿನಲ್ಲೇ ಬಾಡಿಗೆ ಓಡುವ ಜೀಪುಗಳು ಎಷ್ಟಿವೆ ಎಂದು ಘಾಟಿಯ ಕೆಳಗೆ ಒಂದು ಗಂಟೆ ನಿಂತರೆ ಗೊತ್ತಾಗುತ್ತದೆ. ಆ ಐದು ವರ್ಷ ಅದರ ಕೆಳಗೆ ಬಗ್ಗಿ ನೋಡುವವರು ಯಾರು? ಎಫ್‌ಸಿ ದಿನವೂ ಹಬ್ ಬಿಚ್ಚಿ ಶಾಫ್ಟ್ ಹೊರಗೆಳೆದು ನೋಡುವುದಿಲ್ಲ. ಬಣ್ಣ, ಲೈಟು, ಹಾರ್ನು, ಹೊಗೆ ನೋಡುತ್ತೀರಿ. ಘಾಟಿಯಲ್ಲಿ ಜನ ಸಾಗಿಸುವ ಜೀಪಿಗೆ ಅದು ಸಾಲದು.

ರಸ್ತೆ ಮಾಡಬೇಕಾದವರೂ ತಪ್ಪಿಸಿಕೊಳ್ಳುವಂತಿಲ್ಲ. ಮೊಣಕಾಲುದ್ದದ ಗುಂಡಿ ಬಿಟ್ಟು, ಅದಕ್ಕೆ 'ಆಫ್ ರೋಡ್ ಅನುಭವ' ಅಂತ ಹೆಸರಿಟ್ಟು ಕೈ ಕಟ್ಟಿ ಕೂತರೆ ಆಗುವುದಿಲ್ಲ. ಪ್ರವಾಸಿಗನಿಗೆ ಅದು ಒಂದು ದಿನದ ಅನುಭವ. ಅದೇ ದಾರಿಯಲ್ಲಿ ಆಸ್ಪತ್ರೆಗೆ ಹೋಗುವ ಬಸುರಿಗೆ ಅದು ಅನುಭವ ಅಲ್ಲ.

ಬದಲಿಸುವುದಾದರೆ ಮೊದಲು ಯಾವುದು

ಗಾಡಿ ಗಟ್ಟಿ ಮಾಡಿಸುವವರನ್ನು ನಾವು ಬೇಡ ಅನ್ನುವುದಿಲ್ಲ. ಕ್ರಮ ತಪ್ಪಬೇಡಿ ಅನ್ನುತ್ತೇವೆ. ಮೊದಲು ಬ್ರೇಕು. ಆಮೇಲೆ ಬೇರಿಂಗು, ಸೀಲು, ಯು-ಬೋಲ್ಟು. ಆಮೇಲೆ ಶಾಫ್ಟು. ಕೀ ಇರುವ ಹಳೆಯ ಶಾಫ್ಟಿನ ಬದಲು ಹಬ್ಬಿನ ಫ್ಲೇಂಜು ಶಾಫ್ಟಿಗೇ ಸೇರಿದ ಒನ್ ಪೀಸ್ ಶಾಫ್ಟು ನಿಮ್ಮ ಆಕ್ಸಲ್ಲಿಗೆ ಸರಿಯಾದ್ದು ಸಿಕ್ಕಿದರೆ, ಕೀಯ ಗಾಡಿ ಅನ್ನುವ ದುರ್ಬಲ ಜಾಗವೇ ಇಲ್ಲವಾಗುತ್ತದೆ. ದಪ್ಪದ ಲೆಕ್ಕವೂ ತಿಳಿದಿರಲಿ. 30 ಮಿಲಿಮೀಟರ್ ಶಾಫ್ಟು 33 ಆದರೆ ದಪ್ಪ ಹೆಚ್ಚಿದ್ದು ಹತ್ತರಲ್ಲಿ ಒಂದು ಪಾಲು, ತಿರುಚು ತಡೆಯುವ ಶಕ್ತಿ ಹೆಚ್ಚಿದ್ದು ಮೂರರಲ್ಲಿ ಒಂದು ಪಾಲು. ಟೈರು ಎಲ್ಲದಕ್ಕಿಂತ ಕೊನೆ.

ಕಾನೂನನ್ನೂ ನೋಡಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ಎಂದಿದೆ. ಕಂಪನಿ ಹೇಳಿದ ಅಳತೆಯ ಹೊಸ ಶಾಫ್ಟು ಹಾಕುವುದು ರಿಪೇರಿ, ಅದಕ್ಕೆ ಯಾರ ಭಯವೂ ಬೇಡ. ಆಕ್ಸಲ್ಲನ್ನೇ ಬೇರೆ ಮಾದರಿಗೆ ಬದಲಿಸುವುದಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ. ಅಪಘಾತ ಆದ ದಿನ ವಿಮೆಯವರಿಗೆ ತಕರಾರು ತೆಗೆಯಲು ನೀವೇ ದಾರಿ ಮಾಡಿಕೊಡಬೇಡಿ.

ಬಗ್ಗಿ ನೋಡಿ: ಖರ್ಚಿಲ್ಲದ ಏಳು ಪರೀಕ್ಷೆ

ಒಂದು. ಹಿಂದಿನ ಚಕ್ರ ಜಾಕ್ ಮೇಲೆ ಎತ್ತಿ, ಇನ್ನೊಂದು ಚಕ್ರಕ್ಕೆ ಕಲ್ಲು ಕೊಟ್ಟು, ಟೈರಿನ ಮೇಲೆ ಒಂದು ಕೈ ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ಅಥವಾ ಹಬ್ ನಟ್ಟು ನೋಡಬೇಕು.

ಎರಡು. ಟ್ರಿಪ್ ಮುಗಿಸಿ ಬಂದ ಕೂಡಲೇ ಎರಡೂ ಹಿಂದಿನ ಹಬ್ಬಿನ ಹತ್ತಿರ ಕೈ ಒಯ್ಯಿರಿ. ಒಂದು ಕಡೆ ಮಾತ್ರ ವಿಪರೀತ ಬಿಸಿ ಇದ್ದರೆ ಬೇರಿಂಗ್ ಕೂಗುತ್ತಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ.

ಮೂರು. ಚಕ್ರದ ಒಳಗಡೆ ಎಣ್ಣೆ ಜಿಡ್ಡು ಇದೆಯೇ ನೋಡಿ. ಆಕ್ಸಲ್ ಸೀಲು ಹೋದರೆ ಗೇರ್ ಆಯಿಲ್ ನೇರ ಬ್ರೇಕ್ ಲೈನರಿಗೆ ಹೋಗುತ್ತದೆ. ಸೀಲು ಬದಲಿಸಿದರೂ ಮತ್ತೆ ಮತ್ತೆ ಸೋರಿದರೆ ಬೇರಿಂಗ್ ಸವೆದಿರಬಹುದು, ಹೌಸಿಂಗ್ ಬಾಗಿರಬಹುದು.

ನಾಲ್ಕು. ಹಿಂದಿನ ಎರಡು ಟೈರಿನ ನಡುವಿನ ಅಂತರವನ್ನು ಟೇಪಿನಲ್ಲಿ ಮುಂದುಗಡೆ ಒಮ್ಮೆ, ಅಷ್ಟೇ ಎತ್ತರದಲ್ಲಿ ಹಿಂದುಗಡೆ ಒಮ್ಮೆ ಅಳೆಯಿರಿ. ಎರಡೂ ಸಮ ಇರಬೇಕು. ವ್ಯತ್ಯಾಸ ಇದ್ದರೆ ಹೌಸಿಂಗ್ ಅಥವಾ ರಿಮ್ ಬಾಗಿದೆ.

ಐದು. ಹಳ್ಳ ದಾಟಿ ಬಂದ ಮೇಲೆ ಡಿಫರೆನ್ಶಿಯಲ್ ಆಯಿಲ್ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಅವತ್ತೇ ಬದಲಿಸಿ. ಹೌಸಿಂಗ್ ಮೇಲಿನ ಬ್ರೀದರ್ ಕಟ್ಟಿದ್ದರೆ ಬಿಡಿಸಿ, ಅದಕ್ಕೊಂದು ಪೈಪು ಸಿಕ್ಕಿಸಿ ಎತ್ತರಕ್ಕೆ ಕಟ್ಟಿ.

ಆರು. ಸ್ಪ್ರಿಂಗ್ ಕೆಲಸ ಮಾಡಿಸಿದ ಮೇಲೆ ನಾಲ್ಕು ದಿನ ಓಡಿಸಿ ಯು-ಬೋಲ್ಟನ್ನು ಮತ್ತೊಮ್ಮೆ ಬಿಗಿಸಿ. ಹಬ್ ನಟ್ಟಿನ ಸ್ಪ್ಲಿಟ್ ಪಿನ್ ಜಾಗಕ್ಕೆ ಮೊಳೆ, ತಂತಿ ಹಾಕಬೇಡಿ.

ಏಳು. ಯಾವ ಕಾರಣಕ್ಕೆ ಶಾಫ್ಟ್ ಹೊರಗೆ ಬಂದರೂ ಬಿರುಕು ಪರೀಕ್ಷೆ ಮಾಡದೆ ಒಳಗೆ ಹಾಕಬೇಡಿ. ಚೆನ್ನಾಗಿ ತೊಳೆದು ಒರೆಸಿ, ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಒಣಬಟ್ಟೆಯಲ್ಲಿ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಮೇಲೆ ಬಂದು ಪುಡಿಯಲ್ಲಿ ಗೆರೆ ಮೂಡುತ್ತದೆ. ಇದಕ್ಕಿಂತ ನಂಬಿಕೆಯದ್ದು ಬೇಕಿದ್ದರೆ ಕೆಂಪು ಬಣ್ಣದ ಡೈ ಪೆನಿಟ್ರಂಟ್ ಸ್ಪ್ರೇ ಸಿಗುತ್ತದೆ, ಸ್ಟ್ಯಾಂಡಿಗೆ ಒಂದು ಸೆಟ್ ತಂದಿಟ್ಟರೆ ಬಹಳ ದಿನ ಬರುತ್ತದೆ.

ಆಕ್ಸಲ್ ಡಬ್ಬಿ

ಬರೀ ಬೈದು ಎದ್ದು ಹೋಗುವುದು ಸುಲಭ. ಹಾಗಾಗಿ ಒಂದು ದಾರಿ ಹೇಳುತ್ತೇವೆ.

ಪ್ರತಿ ಟ್ರಿಪ್ಪಿನ ಬಾಡಿಗೆಯ ಮೇಲೆ 50 ರೂಪಾಯಿ ಬೇರೆಯಾಗಿ ತೆಗೆದುಕೊಳ್ಳಿ. ಗುಟ್ಟಾಗಿ ಬೇಡ. ಸ್ಟ್ಯಾಂಡಿನ ಬೋರ್ಡಿನಲ್ಲಿ ಬರೆಯಿರಿ: 'ಚಕ್ರ, ಆಕ್ಸಲ್, ಬ್ರೇಕ್ ಸುರಕ್ಷತೆಗೆ 50 ರೂಪಾಯಿ'. ದಿನಕ್ಕೆ ಎರಡು ಟ್ರಿಪ್, ತಿಂಗಳಿಗೆ ಇಪ್ಪತ್ತು ದಿನ ಅಂದರೆ ಒಂದು ಗಾಡಿಗೆ ತಿಂಗಳಿಗೆ 2,000. ಸೀಸನ್ನಿನ ಆರು ತಿಂಗಳಿಗೆ 12,000. ಹತ್ತು ಗಾಡಿಯ ಸ್ಟ್ಯಾಂಡಿನಲ್ಲಿ 1,20,000 ರೂಪಾಯಿ. ಈ ದುಡ್ಡು ಸಂಘದ ಬ್ಯಾಂಕ್ ಖಾತೆಯಲ್ಲಿರಲಿ, ಸ್ಪೇರಿಗಲ್ಲದೆ ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ ಎಂದು ಬರೆದುಕೊಳ್ಳಿ. ಮಳೆಗಾಲಕ್ಕೆ ಮೊದಲು ಒಂದು ವಾರ ಸರದಿಯ ಮೇಲೆ ಎಲ್ಲ ಗಾಡಿಯ ಹಬ್ ಬಿಚ್ಚಿ ನೋಡಲಿ. ನೋಡಿದ ತಾರೀಖನ್ನು ಗಾಡಿಯ ಬಾಗಿಲಿನ ಒಳಗಡೆ ಬಣ್ಣದಲ್ಲಿ ಬರೆಯಲಿ.

ತೋಟದ ಹೆಂಗಸರಿಂದ ಈ 50 ರೂಪಾಯಿ ಕೇಳಬೇಡಿ. ಅವರನ್ನು ಕರೆಸಿಕೊಳ್ಳುವ ಮಾಲೀಕರಿಂದ ಕೇಳಿ. ಪ್ರವಾಸಿಗರು ಕೊಡುತ್ತಾರೆ. ಕೊಡದಿದ್ದರೆ ನಡೆದು ಹತ್ತಲಿ, ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ.

ಹತ್ತುವ ನಾವೂ ಒಂದು ಮಾತು ಕಲಿಯಬೇಕು. "ಅಣ್ಣ, ಹಬ್ ಯಾವಾಗ ಬಿಚ್ಚಿಸಿದ್ದು?" ಎಂದು ಕೇಳುವುದು ಅವಮಾನ ಮಾಡಿದ ಹಾಗಲ್ಲ. ಹನ್ನೆರಡನೆಯವರಾಗಿ ಹತ್ತುವಾಗ, ಹಿಂದಿನ ಬಂಪರಿನ ಮೇಲೆ ನಿಲ್ಲುವಾಗ, ಭಾರ ಹಾಕಿದವರಲ್ಲಿ ನಾವೂ ಒಬ್ಬರು. ಅವತ್ತು ಆ ಜೀಪಿನಲ್ಲಿ ಇಕ್ಕಟ್ಟಾದರೂ ಪರವಾಗಿಲ್ಲ ಎಂದು ಹತ್ತಿದವರು ನಾವೇ.

ಆ ಅಣ್ಣ ಈಗ ಎರಡೂ ಕಡೆ ಹೊಸ ಶಾಫ್ಟ್ ಹಾಕಿಸಿದ್ದಾರೆ. ಅದಕ್ಕೆ ಹೆಂಡತಿಯ ಓಲೆ ಅಡವಿಟ್ಟಿದ್ದಾರೆ. ಹತ್ತು ಜನರ ಜೀವ ಉಳಿಸುವ ಖರ್ಚು ಒಂದು ಮನೆಯ ಓಲೆಯಿಂದ ಬರಬೇಕಾಗಿ ಬಂದದ್ದು ನಾಚಿಕೆಗೇಡು. ಆ ನಾಚಿಕೆ ಅವರದ್ದಲ್ಲ.

ಮುರಿದ ತುಂಡನ್ನು ಅವರು ನಮಗೆ ಕೊಟ್ಟಿದ್ದಾರೆ. ಕಪ್ಪು ಭಾಗ, ಹೊಳೆಯುವ ಭಾಗ ಎರಡೂ ಸ್ಪಷ್ಟವಾಗಿ ಕಾಣುತ್ತವೆ. ಯಾವ ಸ್ಟ್ಯಾಂಡಿನವರು ಕರೆದರೂ ತಂದು ತೋರಿಸುತ್ತೇವೆ. ಬಸ್ಸಿನಲ್ಲಿ ಬರುತ್ತೇವೆ, ಟೀ ಕುಡಿಸಿದರೆ ಸಾಕು.